ದೊಡ್ಡಿಯ ಬಾಯಲ್ಲಿ ತಪ್ಪಿದ ಲೆಕ್ಕ

ನನ್ನ ಸ್ವಂತ ದನಿ ಯಾವುದು ಎಂದು ನಮ್ಮೂರಿನಲ್ಲಿ ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ನನಗೂ ಸ್ವಲ್ಪ ಅನುಮಾನವೇ. ನಾರಾಯಣಖೇಡ ಬಸ್ಸಿನ ಕಂಡಕ್ಟರು ಮೂಗಿನಿಂದ ಟಿಕೆಟ್ ಕೇಳುವುದು, ತೊಗರಿ ಹರಾಜಿನವನು ಅರ್ಧ ತೆಲುಗು ಅರ್ಧ ಉರ್ದುವಿನಲ್ಲಿ ಒದರುವುದು, ನೆಗಡಿ ಹಿಡಿದ ಟಗರು ಸೀನುವುದು, ನಮ್ಮ ಕಾಕಾ ಮೊಬೈಲು ಹಿಡಿದರೆ ಮಾತನ್ನು ಬರೀ ಗಂಟಲಿನ ಬಲದಿಂದಲೇ ಹೈದರಾಬಾದಿಗೆ ಮುಟ್ಟಿಸಲು ನೋಡುವುದು, ಎಲ್ಲವೂ ನನ್ನ ಬಾಯಲ್ಲಿ ಬಾಡಿಗೆಗಿವೆ. ಇದಕ್ಕೆ ನಮ್ಮ ಕಡೆ ಸೋಂಗು ಮಾಡೋದು ಅನ್ನುತ್ತಾರೆ. ನಮ್ಮದು ಮನೂರಿನ ಹತ್ತಿರದ ಸಣ್ಣ ಹಳ್ಳಿ. ಅಲ್ಲಿ ಜೋಳ ಬೆಳೆಯುತ್ತದೆ, ತೊಗರಿ ಬೆಳೆಯುತ್ತದೆ, ಕುರಿ ಬೆಳೆಯುತ್ತವೆ. ನಾನು ಮಾತ್ರ ಬೆಳೆದಿಲ್ಲ ಎಂದು ಅವ್ವನ ದೂರು.

ಸೋಂಗಿನವನಿಗೆ ಒಂದು ತೊಂದರೆ ಉಂಟು. ಅವನು ಖರೆ ಹೇಳಿದಾಗಲೂ ಜನ ಚಪ್ಪಾಳೆ ತಟ್ಟುತ್ತಾರೆ. ಹತ್ತನೇ ಕ್ಲಾಸಿನಲ್ಲಿ ಗಣಿತದ ಪರೀಕ್ಷೆಯ ದಿನ ಬೆಳಿಗ್ಗೆ ನಾನು ಬಟ್ಟೆ ಸಾಬೂನಿನ ಚೂರು ಅಗಿದು, ಬಾಯಲ್ಲಿ ನೊರೆ ತಂದುಕೊಂಡು, ಅಂಗಳದಲ್ಲಿ ಬಿದ್ದು ಕೈಕಾಲು ಬಡಿದಿದ್ದೆ. ಅವ್ವ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದಳು. ಕಾಕಾ ಕಬ್ಬಿಣದ ಕೀಲಿಕೈ ಗೊಂಚಲು ತಂದು ನನ್ನ ಮುಷ್ಟಿಯಲ್ಲಿ ತುರುಕಿದ. ಅಪ್ಪ ಬರಿಗಾಲಲ್ಲಿ ಓಡಿ ಯಾರದೋ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿ, ನನ್ನನ್ನು ಮಗುವಿನ ಹಾಗೆ ಎತ್ತಿಕೊಂಡ. ಅಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಬಾಯಿಂದ ಒಂದು ದೊಡ್ಡ ಗುಳ್ಳೆ ಹೊರಟು, ಬಿಸಿಲಲ್ಲಿ ಬಣ್ಣ ಬಣ್ಣವಾಗಿ ಹೊಳೆದು, ಅಪ್ಪನ ಮೀಸೆಯ ಮೇಲೆ ಕೂತು ಒಡೆಯಿತು.

ಅಪ್ಪ ಹೊಡೆಯಲಿಲ್ಲ. ನನ್ನನ್ನು ಮೆಲ್ಲಗೆ ಕೆಳಗಿಳಿಸಿ, ಗಾಡಿ ತಿರುಗಿಸಿಕೊಂಡು ಹೋದ. ಆವತ್ತಿನಿಂದ ನಾನು ‘ಖರೆ ಅಪ್ಪಾ’ ಅಂದರೆ ಆತ ಮೀಸೆ ಒರೆಸಿಕೊಳ್ಳುತ್ತಿದ್ದ. ಅದಾಗಿ ಐದು ವರ್ಷ. ಅಪ್ಪ ಒಂದು ಸಲ, ಒಂದೇ ಒಂದು ಸಲ, ಮೀಸೆ ಮುಟ್ಟದೆ ನನ್ನ ಮಾತು ಕೇಳಬೇಕು ಎಂಬುದೇ ಹೋದ ಚಳಿಗಾಲದವರೆಗೆ ನನ್ನ ದೊಡ್ಡ ಆಸೆಯಾಗಿತ್ತು. ಅದು ಈಡೇರಿದ ರೀತಿಯನ್ನು ನೆನೆದರೆ ಈಗಲೂ ನನ್ನ ಮೈ ನಿಂತಲ್ಲಿ ನಿಲ್ಲುವುದಿಲ್ಲ.

ಶುರುವಾದದ್ದು ಕುರಿ ಎಣಿಸುವುದರಿಂದ. ನಮ್ಮ ಕುರಿ ದೊಡ್ಡಿ ಎಂದರೆ ಸುತ್ತ ಜಾಲಿ ಮುಳ್ಳಿನ ಬೇಲಿ, ಪಡುವಣ ದಿಕ್ಕಿಗೆ ಒಂದು ಸಣ್ಣ ಸಂದು. ಆ ಸಂದಿಗೆ ನಾವು ದೊಡ್ಡಿಯ ಬಾಯಿ ಅನ್ನುತ್ತೇವೆ. ಎಣಿಸುವವನಿಗೆ ಕಡೆಯ ಬೆಳಕೂ ದಕ್ಕಲಿ ಎಂದು ಮುತ್ಯಾ, ಅಂದರೆ ನಮ್ಮ ಅಜ್ಜ, ಪಡುವಣಕ್ಕೇ ಬಾಯಿ ಇಟ್ಟಿದ್ದನಂತೆ. ಸಂಜೆ ಕುರಿಗಳು ಮೇದು ಬಂದಾಗ ಒಬ್ಬ ಒಳಗಡೆ, ಬಾಯಿಗೆ ಎದುರಾಗಿ ಕುಕ್ಕರುಗಾಲಲ್ಲಿ ಕೂತು ಗಟ್ಟಿಯಾಗಿ ಎಣಿಸುತ್ತಾನೆ. ಇನ್ನೊಬ್ಬ ಇಪ್ಪತ್ತಕ್ಕೊಂದು ಹರಳು ಎತ್ತಿಡುತ್ತಾನೆ. ಆ ಕೆಲಸ ನನಗೆ ಬಂದಾಗ ಅಪ್ಪ, ಕಾಕಾ ಇಬ್ಬರೂ ಹೊರಗೆ ಕುರಿ ಅಟ್ಟುತ್ತಿದ್ದರು, ಹರಳನ್ನೂ ನಾನೇ ಇಡುತ್ತಾ ಹರಾಜಿನವನ ದನಿಯಲ್ಲಿ ಎಣಿಸಿದೆ. ಕುರಿಗಳಿಗೂ ಅದು ಹಿಡಿಸಿದ ಹಾಗಿತ್ತು, ನುಗ್ಗಿ ನುಗ್ಗಿ ಬಂದವು.

ಆದರೆ ಲೆಕ್ಕ ಕಡಿಮೆ ಬಂತು. ಒಂದು ದಿನ ನಾಲ್ಕು, ಮರುದಿನ ಆರು, ಮತ್ತೊಂದು ದಿನ ಮೂರು. ಪ್ರತಿ ಸಲವೂ ಕಾಕಾ ಬಯ್ಯುತ್ತಾ ಎಲ್ಲವನ್ನೂ ಹೊರಗೆ ಬಿಟ್ಟು ಮತ್ತೆ ಎಣಿಸಿದರೆ ಸರಿಯಾಗಿ ನೂರಾ ನಲವತ್ತೆರಡು.

“ನಿನ್ನ ಬಾಯಾಗ ಕುರಿ ಹೊಕ್ಕು ಕುಂತಾವೇನೋ, ತೆಗಿ ನೋಡೂನು,” ಅಂದ ಕಾಕಾ.

“ನಾ ಒಂದೂ ಬಿಟ್ಟಿಲ್ಲ ಕಾಕಾ. ಖರೇನೆ.”

ಅಪ್ಪ ಮೀಸೆ ಒರೆಸಿಕೊಂಡ. “ಚಾಷ್ಟಿ ಮಾಡಾಕ ಕುರಿನೇ ಬೇಕೇನು ನಿಂಗ? ಕುರಿ ಜೋಡಿ ಆಟ ಬ್ಯಾಡ.”

ಎಣಿಸುವ ಕೆಲಸ ನನ್ನಿಂದ ಹೋಯಿತು. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೆದರಿಕೆ. ಯಾಕೆಂದರೆ ನಾನು ನಿಜವಾಗಿಯೂ ಒಂದನ್ನೂ ಬಿಟ್ಟಿರಲಿಲ್ಲ. ಹನ್ನೊಂದಾದ ಮೇಲೆ ಹನ್ನೆರಡು, ಹನ್ನೆರಡಾದ ಮೇಲೆ ಹದಿಮೂರು, ಎಲ್ಲೂ ಹರಿಯದ ದಾರದ ಹಾಗೆ ನನ್ನ ಲೆಕ್ಕವಿತ್ತು. ಹಾಗಾದರೆ ಆ ನಾಲ್ಕು ಕುರಿ ಯಾವ ದಾರಿಯಿಂದ ಒಳಗೆ ಹೋದವು?

ಉತ್ತರದ ತುದಿ ಸಿಕ್ಕಿದ್ದು ತಾಂಡೂರಿನಲ್ಲಿ. ನಮ್ಮ ಅಕ್ಕನನ್ನು ಅಲ್ಲಿಗೆ ಕೊಟ್ಟಿದೆ. ಅಕ್ಕ ಎಂದರೆ ನನ್ನ ಸೋಂಗುಗಳ ಮೊದಲ ಪ್ರೇಕ್ಷಕಿ, ಮತ್ತು ಯಾವುದಕ್ಕೂ ಸುಲಭವಾಗಿ ನಗದ ಪ್ರೇಕ್ಷಕಿ. ಆಕೆಯ ಜೊತೆ ಸಂಜೆ ಬಜಾರದಿಂದ ಬರುವಾಗ ರೈಲು ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೊರಟಿತು. ಆಚೆ ಸೂರ್ಯ ಮುಳುಗುತ್ತಿದ್ದ. ಡಬ್ಬಿ, ಸಂದು, ಡಬ್ಬಿ, ಸಂದು. ಸಂದು ಬಂದಾಗಲೆಲ್ಲ ಬಿಸಿಲು ಫಳಕ್ ಎಂದು ಮುಖಕ್ಕೆ ಹೊಡೆಯುತ್ತಿತ್ತು. ನಾನು ಅಕ್ಕನಿಗೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹೆಂಗಸಿನ ದನಿಯಲ್ಲಿ ಏನೋ ಹೇಳುತ್ತಿದ್ದೆ.

ಅಷ್ಟರಲ್ಲಿ ಗಾಡಿಯೇ ಇಲ್ಲ. ಗೇಟು ತೆರೆದಿತ್ತು. ಹಿಂದಿನ ಆಟೋದವನು ಹಾರನ್ ಹೊಡೆದು ನಮ್ಮ ಮನೆತನವನ್ನು ವಿಚಾರಿಸುತ್ತಿದ್ದ. ಅಕ್ಕ ನನ್ನ ತೋಳು ಹಿಡಿದುಕೊಂಡಿದ್ದಳು.

“ಎಲ್ಲಿ ಹೋಗಿದ್ದಿ?”

“ಇಲ್ಲೇ ಅದೀನಲ್ಲ. ಗಾಡಿ ಎಷ್ಟ್ ಜಲ್ದಿ ಹೋತಲಾ.”

“ಜಲ್ದಿ ಹೋಗಿಲ್ಲ. ನೀ ಮಾತಾಡಕೋತ ಅರ್ಧಕ್ಕ ನಿಂತಿ. ರೆಪ್ಪಿ ಪಟಪಟ ಬಡೀತಿದ್ವು. ಕರದ್ರ ಓ ಅನ್ಲಿಲ್ಲ.”

“ನಾ ಸೋಂಗ ಮಾಡಿಲ್ಲಕ್ಕಾ,” ಅಂದೆ. ಹೇಳುವಾಗಲೇ ನನಗೆ ಅಳು ಬಂದಿತ್ತು. ಆಕೆಯೂ ನಂಬುವುದಿಲ್ಲ ಎಂದುಕೊಂಡಿದ್ದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. “ಮಾಡಿಲ್ಲ, ನಂಗ್ ಗೊತ್ತದ. ಸೋಂಗ ಮಾಡುವಾಗ ನೀ ನಡುನಡುವ ನಮ್ಮ ಮಾರಿ ನೋಡ್ತಿ, ನಗಾಕತ್ತಾರಾ ಇಲ್ಲಾ ಅಂತ. ಇವತ್ತ ನೋಡ್ಲಿಲ್ಲ.”

ಇಷ್ಟು ವರ್ಷ ಊರಿಗೆಲ್ಲ ಆಟ ತೋರಿಸಿದವನು ನಾನು. ನನ್ನ ಆಟದ ಗುಟ್ಟನ್ನು ಹಿಡಿದಿದ್ದವಳು ಆಕೆ. ಅಲ್ಲೇ ಗೇಟಿನ ಪಕ್ಕ ನಿಂತು ಅಪ್ಪನಿಗೆ ಫೋನು ಹಚ್ಚಿದಳು. ಅಪ್ಪ ಏನೆಂದನೋ ಕೇಳಿಸಲಿಲ್ಲ. “ನಾಟಕ ಇದ್ರ ಅದನ್ನ ಡಾಕ್ಟರೇ ಹೇಳಲಿ. ಕರ್ಕೊಂಡ್ ಹೋಗಪ್ಪಾ, ನನ್ನ ಸಲುವಾಗಿ ಹೋಗು,” ಎಂದು ಅಕ್ಕ ಹೇಳಿದ್ದು ಮಾತ್ರ ಕೇಳಿಸಿತು.

ಹಾಗೆ ಅಪ್ಪ, ನಾನು, ಮತ್ತು ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು, ಮೂವರೂ ನಾರಾಯಣಖೇಡದಿಂದ ಜಹೀರಾಬಾದಿನ ಬಸ್ಸಿನಲ್ಲಿ ಹೋದೆವು. ಮೂವರಲ್ಲಿ ಹೆಚ್ಚು ಮಾತಾಡಿದ್ದು ರೊಟ್ಟಿ ಗಂಟು, ಬಸ್ಸು ಕುಲುಕಿದಾಗಲೆಲ್ಲ ಪುಂಡಿಪಲ್ಲೆಯ ಡಬ್ಬಿ ಖಣ್ ಅನ್ನುತ್ತಿತ್ತು. ಡಾಕ್ಟರು ನನ್ನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಕುರಿ ಎಣಿಸುವ ಕಥೆ ಕೇಳಿ, ಗೂಡ್ಸ್ ಗಾಡಿಯ ಕಥೆ ಕೇಳಿ, ಮೆದುಳಿನ ಕರೆಂಟು ನೋಡುವ ಇಇಜಿ ಎಂಬ ಪರೀಕ್ಷೆ ಬರೆದುಕೊಟ್ಟರು. ನಾಳೆ ತಲೆ ತೊಳೆದು ಬನ್ನಿ, ಎಣ್ಣೆ ಹಚ್ಚಬೇಡಿ ಎಂದರು.

ಮರುದಿನ ಅವ್ವ ಎಣ್ಣೆ ಹಚ್ಚಿದಳು. ದೊಡ್ಡ ಊರಿಗೆ, ಅದೂ ಡಾಕ್ಟರ ಮುಂದೆ, ಒಣ ತಲೆಯಲ್ಲಿ ಹೋದರೆ ತಾಯಿಯಿಲ್ಲದ ಮಗ ಅಂದುಕೊಳ್ಳುತ್ತಾರೆ ಎಂಬುದು ಆಕೆಯ ವಾದ. ಪರೀಕ್ಷೆಯ ಕೋಣೆಯಲ್ಲಿದ್ದ ಹುಡುಗಿ ನನ್ನ ತಲೆ ಮುಟ್ಟಿ ಕೈ ನೋಡಿಕೊಂಡಳು. ಬೀದರ್ ಕಡೆಯವಳು, ನಮ್ಮದೇ ಮಾತು.

“ಅಣ್ಣಾ, ಇದರಾಗ ಭಜ್ಜಿ ಕರೀಬಹುದು,” ಅಂದಳು.

ನನ್ನನ್ನು ಮೊದಲ ಮಾತಿಗೇ ಸೋಲಿಸಿದವಳು ಅವಳೊಬ್ಬಳೇ. ಟೇಪು ಹಿಡಿದು ಹಣೆಯಿಂದ ಹಿಂದಲೆಗೆ, ಕಿವಿಯಿಂದ ಕಿವಿಗೆ ಅಳೆದಳು. ನಮ್ಮ ದರ್ಜಿ ನನ್ನ ಅಂಗಿಗೂ ಇಷ್ಟು ಅಳತೆ ತೆಗೆದವನಲ್ಲ. ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ಒಂದೊಂದು ಗುರುತನ್ನೂ ಹತ್ತಿಯಿಂದ ಉಜ್ಜಿ ಅವ್ವನ ಎಣ್ಣೆ ತೆಗೆದು, ತಣ್ಣನೆಯ ಪೇಸ್ಟು ಹಚ್ಚಿ ವೈರು ಅಂಟಿಸಿದಳು. ಕನ್ನಡಿ ಕೇಳಿದೆ, ಕೊಡಲಿಲ್ಲ. ಅಪ್ಪ ಗೋಡೆಗೆ ಒರಗಿ, ಟವೆಲು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ. ಮುಖ ನೋಡಿದರೆ ಕುರಿ ಸಂತೆಯಲ್ಲಿ ಹಲ್ಲು ಪರೀಕ್ಷಿಸುವವನ ಹಾಗೆ ಇತ್ತು.

ಪರದೆಯ ಮೇಲೆ ಗೆರೆಗಳು ಬಂದವು. ಮೇಲಿಂದ ಕೆಳಗೆ ಸಾಲು ಸಾಲಾಗಿ, ಸಣ್ಣಗೆ ನಡುಗುತ್ತಾ ಓಡುತ್ತಿದ್ದವು. ಅವೆಲ್ಲ ನಾನು. ನನ್ನ ತಲೆಯೊಳಗೆ ಏನೂ ಇಲ್ಲ ಎಂದು ಹೇಳಿದ ಎಲ್ಲ ಮಾಸ್ತರರನ್ನೂ ಆ ಕೋಣೆಗೆ ಕರೆಸಬೇಕು ಎನಿಸಿತು.

“ಒಮ್ಮೆ ರೆಪ್ಪಿ ಬಡೀರಿ,” ಅಂದಳು.

ಬಡಿದೆ. ಮೇಲಿನ ಗೆರೆಗಳಲ್ಲಿ ಒಂದು ಗುಡ್ಡ ಎದ್ದಿತು. ಮತ್ತೆ ಬಡಿದೆ, ಮತ್ತೊಂದು ಗುಡ್ಡ. ತಲೆ ಅಲುಗಿಸದೆ ಎಡಕ್ಕೆ ನೋಡಿದೆ, ಗೆರೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಬಲಕ್ಕೆ ನೋಡಿದೆ, ಎಲ್ಲ ತಿರುವುಮುರುವು. ನನಗೆ ಹುಚ್ಚು ಹಿಡಿದಂತಾಯಿತು. ಎಡ, ಬಲ, ಎಡ, ಬಲ. ಗೊಂಬೆಯಾಟದವನ ದಾರ ನನ್ನ ಕೈಗೇ ಬಂದ ಹಾಗಿತ್ತು.

“ಇದು ಮೆದುಳ ಅಲ್ಲಣ್ಣಾ, ಕಣ್ಣು. ಕಣ್ಣಗುಡ್ಡಿ ಅಂದ್ರ ಸಣ್ಣ ಸೆಲ್ಲಿದ್ದಂಗ. ಮುಂದ ಪ್ಲಸ್ಸು, ಹಿಂದ ಮೈನಸ್ಸು. ಅದು ತಿರುಗಿದ್ರ ಗೆರಿನೂ ತಿರುಗ್ತದ. ಈಗ ಸುಮ್ಮ ಕಣ್ಣು ಮುಚ್ರಿ.”

ಮುಚ್ಚಿದೆ. ಇಲ್ಲೇ ಪೇಚು. ಕಣ್ಣು ಮುಚ್ಚಿದರೆ ಏನಾಗುತ್ತದೆ ಎಂದು ಕಣ್ಣು ತೆರೆಯದೆ ನೋಡುವುದು ಹೇಗೆ? ತೆರೆದರೆ ಅದು ಹೋಗಿಬಿಡುತ್ತದೆಯಂತೆ. ತಡೆಯಲಾಗದೆ ಕೇಳಿದೆ, “ಅಪ್ಪಾ, ಏನಾಗಾಕತ್ತದ ಹೇಳಪ್ಪಾ.”

ಹತ್ತಿರದಿಂದಲೇ ದನಿ ಬಂತು, ಅಪ್ಪ ಗೋಡೆ ಬಿಟ್ಟು ಪರದೆಯ ಬಳಿ ಬಂದಿದ್ದ. “ಕೆಳಗಿನ ಗೆರಿ ಎಲ್ಲಾ ಒಂದೇ ನಮೂನಿ ಆಗ್ಯಾವ. ಕೆರಿ ನೀರಿನ ಮ್ಯಾಲ ಗಾಳಿ ಆಡಿದಂಗ.”

“ಈಗ ಕಣ್ಣು ತಗೀರಿ,” ಅಂದಳು ಅವಳು.

“ಚದುರಿದ್ವು,” ಅಂದ ಅಪ್ಪ. “ಮತ್ತ ಮುಚ್ಚು.” ಮುಚ್ಚಿದೆ. “ಬಂದ್ವು. ತಗಿ. ಹೋದ್ವು.” ಆತ ನನ್ನ ಜೊತೆ ಒಂದೇ ಉಸಿರಿಗೆ ಇಷ್ಟು ಮಾತಾಡಿ ವರ್ಷಗಳಾಗಿದ್ದವು. ನಾನು ಬೇಕೆಂದೇ ನಾಲ್ಕು ಸಲ ಹೆಚ್ಚಿಗೆ ಕಣ್ಣು ಮುಚ್ಚಿ ತೆರೆದೆ.

ಮುಂದಿನದನ್ನು ಮಾಡದೆ ಇದ್ದರೆ ನಾನು ನಾನೇ ಅಲ್ಲ. ಕಾಕಾನ ಫೋನಿನ ದನಿ ತೆಗೆದೆ. ಪರದೆ ತುಂಬ ಕಪ್ಪಗೆ ಜಾಲಿ ಗಿಡ ಬೆಳೆದ ಹಾಗಾಯಿತು.

“ಇದು ದವಡಿ,” ಅಂದಳು ಹುಡುಗಿ, ಒಂದಿಷ್ಟೂ ನಗದೆ.

ಕಂಡಕ್ಟರ ದನಿ ತೆಗೆದೆ. “ಇದೂ ದವಡಿ.” ಹತ್ತನೇ ಕ್ಲಾಸಿನ ಸೋಂಗನ್ನೇ ತೆಗೆದೆ, ಸಾಬೂನು ಇಲ್ಲದೆ. ಹಲ್ಲು ಕಚ್ಚಿದೆ, ರೆಪ್ಪೆ ಪಟಪಟ ಬಡಿದೆ. ಗುಡ್ಡದ ಮೇಲೆ ಗುಡ್ಡ, ಜಾಲಿಯ ಮೇಲೆ ಜಾಲಿ.

“ಇದು ದವಡಿ, ಇದು ಕಣ್ಣು. ಮೆದುಳಾಗ ಏನೂ ಆಗಿಲ್ಲ.”

ಅಪ್ಪ ಪರದೆಗೆ ಬಾಗಿ ನೋಡಿದ. “ಅಂದ್ರ ಇವನ ಸೋಂಗು ಇದರ ಮುಂದ ನಡಿಯಂಗಿಲ್ಲ?”

“ನಡಿಯಂಗಿಲ್ರಿ ಅಪ್ಪಾರೆ.”

“ಚಲೋ ಮಿಶಿನ್ ಅದ,” ಅಂದ ಅಪ್ಪ. ಮೀಸೆಯ ಕಡೆ ಹೊರಟ ಕೈಯನ್ನು ನಾನು ಓರೆಗಣ್ಣಿನಿಂದ ನೋಡಿದೆ. ಈಗ ಏನೂ ಸಿಗದಿದ್ದರೆ ನಾನು ಜೀವನಪೂರ್ತಿ ಸುಳ್ಳ. ಸಿಕ್ಕರೆ ರೋಗಿ. ಎರಡರಲ್ಲಿ ಒಂದನ್ನು ಆರಿಸು ಎಂದರೆ ಯಾವನಾದರೂ ಏನು ಆರಿಸುತ್ತಾನೆ? ನಾನು ಮನಸ್ಸಿನಲ್ಲೇ ರೋಗಕ್ಕೆ ಕೈ ಮುಗಿದೆ.

ಅವಳು ಕೋಣೆ ಮಬ್ಬು ಮಾಡಿ ನನ್ನ ಮುಖದೆದುರು ಒಂದು ದೀಪ ತಂದು ನಿಲ್ಲಿಸಿದಳು. “ಇದು ಮಿಣುಕ್ತದ. ಮೊದಲು ಸಾವಕಾಶ, ಆಮ್ಯಾಲ ಜೋರು. ಕಣ್ಣು ಮುಚ್ರಿ, ಜೋರು ಆದ ಮ್ಯಾಲ ಗಟ್ಟಿಯಾಗಿ ಎಣಿಸಕೋತ ಇರ್ರಿ.”

ಎಣಿಸು ಎಂದರೆ ನನಗೆ ಬರುವುದು ಒಂದೇ ಬಗೆ, ದೊಡ್ಡಿಯ ಬಾಯಲ್ಲಿ ಎಣಿಸುವ ಬಗೆ. ಒಂದೊಂದು ಕುರಿಗೆ ಒಂದೊಂದು ಸಂಖ್ಯೆ, ಒಂದೇ ಓಟ. ದೀಪ ಮಿಣುಕಿತು. ಮೊದಮೊದಲು ಏನೂ ಇಲ್ಲ. ಆಮೇಲೆ ಜೋರಾಯಿತು. ಒಂದು, ಎರಡು, ಮೂರು. ಮುಚ್ಚಿದ ರೆಪ್ಪೆಯ ಮೇಲೆ ಹೆಂಚಿನ ಬಣ್ಣದ ಚೌಕಗಳು ಎದ್ದು ತಿರುಗಿದವು. ಹತ್ತು, ಹನ್ನೊಂದು, ಹನ್ನೆರಡು. ದೀಪ ಆರಿತ್ತು.

“ಯಾಕ ನಿಲ್ಲಿಸಿದ್ರಿ? ಇನ್ನಾ ಏನೂ ಆಗಿಲ್ಲಲ್ಲ,” ಅಂದೆ.

ಅವಳು ಪರದೆಯನ್ನು ಹಿಂದಕ್ಕೆ ಓಡಿಸಿ ತೋರಿಸಿದಳು. ನಡುವೆ ಒಂದು ಕಡೆ ಎಲ್ಲ ಗೆರೆಗಳೂ ಒಟ್ಟಿಗೆ ಎದ್ದುನಿಂತಿದ್ದವು. ಮೊನೆ, ಅಲೆ, ಮೊನೆ, ಅಲೆ. ದವಡೆಯ ಜಾಲಿಯಲ್ಲ, ಕಣ್ಣಿನ ಗುಡ್ಡವಲ್ಲ. ಅಷ್ಟು ಅಚ್ಚುಕಟ್ಟಾದದ್ದನ್ನು ನಾನು ಬದುಕಿನಲ್ಲಿ ಎಂದೂ ಮಾಡಿದವನಲ್ಲ.

ಆದರೆ ಅಪ್ಪ ಪರದೆ ನೋಡುತ್ತಿರಲಿಲ್ಲ. ಆತ ತನ್ನ ಬೆರಳುಗಳನ್ನು ನೋಡುತ್ತಿದ್ದ. ಯಾರು ಎಣಿಸಿದರೂ ಜೊತೆಗೆ ತಾನೂ ಒಳಗೊಳಗೇ ಎಣಿಸುವುದು ಅಪ್ಪನ ಅಭ್ಯಾಸ, ಮೂವತ್ತು ವರ್ಷ ದೊಡ್ಡಿಯ ಬಾಯಲ್ಲಿ ಕೂತವನು.

“ಹನ್ನೊಂದು ಅಂದ ಇವ. ಆಮ್ಯಾಲ ಸುಮ್ಮನಾದ. ರೆಪ್ಪಿ ಹೊಯ್ದಾಡಿದ್ವು. ನಾ ಹನ್ನೆರಡು, ಹದಿಮೂರು, ಹದಿನಾಕು, ಹದಿನೈದು ಅಂತ ಹೋದೆ. ಆಮ್ಯಾಲ ಇವ ಹನ್ನೆರಡು ಅಂದ.” ಬಿಚ್ಚಿದ ನಾಲ್ಕು ಬೆರಳುಗಳನ್ನು ಅವಳಿಗೆ ತೋರಿಸಿದ. “ನಾಕು ಕುರಿ ಹೋದ್ವು ನೋಡ್ರಿ.”

ಹುಡುಗಿಗೆ ಅರ್ಥವಾಗಲಿಲ್ಲ. ನನಗಾಯಿತು. ಕುಣಿಯಬೇಕು ಎನಿಸಿತು, ಆದರೆ ವೈರು. ಸಂಜೆಯ ಸೂರ್ಯ, ಅವನ ಮುಂದೆ ಒಂದರ ಹಿಂದೊಂದು ಕುರಿ, ಸಂದಿನಲ್ಲಿ ಫಳಕ್, ಮತ್ತೆ ಕುರಿ, ಮತ್ತೆ ಫಳಕ್. ದೊಡ್ಡಿಯ ಬಾಯಿಯೇ ಮಿಣುಕು ದೀಪ. ಗೂಡ್ಸ್ ಗಾಡಿಯೂ ಅದೇ. ಕುರಿ ಎಲ್ಲಿಯೂ ಹೋಗಿರಲಿಲ್ಲ. ಹೋದವನು ನಾನು.

ಅವಳು ಇನ್ನೂ ಒಂದು ಆಟ ತೋರಿಸಿದಳು. ಕಪ್ಪು ಬಿಳಿ ಪಟ್ಟೆಗಳ ಕಾರ್ಡೊಂದನ್ನು ಮುಖದ ಮುಂದೆ ಹಿಡಿದಳು. ನಮ್ಮ ಕಂಬಳಿಯ ಅಂಚಿನ ಹಾಗೆಯೇ ಇತ್ತು. ಬರೀ ಪಟ್ಟೆ ನೋಡಿದ್ದಕ್ಕೆ ನನ್ನ ಗೆರೆಗಳು ಮೊನೆ ಎತ್ತಿದವು. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ನೋಡು ಎಂದಳು. ಗೆರೆಗಳು ಸುಮ್ಮನೆ ಮೇಯತೊಡಗಿದವು. ಕೈ ತೆಗೆದೆ, ಮೊನೆ. ಮುಚ್ಚಿದೆ, ಇಲ್ಲ. ಒಂದು ಅಂಗೈಗೆ ತಲೆಯೊಳಗಿನ ಕರೆಂಟು ಹೀಗೆ ಮಾತು ಕೇಳುತ್ತದೆ ಎಂದು ಯಾವ ಮಾಸ್ತರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಸಾಬೂನು ತಿನ್ನುತ್ತಿರಲಿಲ್ಲ.

ಡಾಕ್ಟರು ಇದು ನೆಲಕ್ಕೆ ಬೀಳಿಸದೆ ಅರೆಗಳಿಗೆ ಪ್ರಜ್ಞೆ ಕದಿಯುವ ಮೂರ್ಛೆರೋಗ ಎಂದು ಹೇಳಿ ಗುಳಿಗೆ ಬರೆದರು. ತಪ್ಪಿಸದೆ ತಗೋ, ನಾನು ಹೇಳುವವರೆಗೆ ಗಾಡಿ ಓಡಿಸಬೇಡ, ಬಾವಿಗೆ ಒಬ್ಬನೇ ಇಳಿಯಬೇಡ, ಬೆಳಕು ಮಿಣುಕಿದರೆ ಬರೀ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆಯೊಳಗಿಂದಲೂ ಅದು ಬರುತ್ತದೆ, ಅಂಗೈಯಿಂದ ಒಂದು ಕಣ್ಣು ಮುಚ್ಚಿ ಮುಖ ತಿರುಗಿಸು ಎಂದರು. ಅಪ್ಪ ಎಲ್ಲವನ್ನೂ ಕೇಳಿ, “ಇದು ಖರೆ ಅದ ಅಲ್ರಿ?” ಎಂದು ಕೇಳಿದ. ಡಾಕ್ಟರು ಹೌದೆಂದರು. ಅಪ್ಪ ಮೀಸೆ ಮುಟ್ಟಲಿಲ್ಲ. ನಾನು ನೋಡುತ್ತಲೇ ಇದ್ದೆ.

ವಾಪಸು ಬಸ್ಸಿನಲ್ಲಿ ಕಿಟಕಿಯ ಸೀಟು ನನ್ನದಾಗಿತ್ತು. ರಸ್ತೆಯ ಬೇವಿನ ಮರಗಳ ನಡುವಿನಿಂದ ಬಿಸಿಲು ಹೊಡೆಯಲು ಶುರುವಾದೊಡನೆ ಅಪ್ಪ ಏನೂ ಹೇಳದೆ ಎದ್ದು, ನನ್ನನ್ನು ಈಚೆಗೆ ತಳ್ಳಿ ತಾನು ಕಿಟಕಿಗೆ ಕೂತ. ಟವೆಲನ್ನು ಕಂಬಿಗೆ ಸಿಕ್ಕಿಸಿ ಊರು ಬರುವವರೆಗೂ ಹಿಡಿದುಕೊಂಡೇ ಇದ್ದ.

ಮರುದಿನ ಎದ್ದು ನೋಡಿದರೆ ಅಪ್ಪ ದೊಡ್ಡಿಯ ಬಡಗಣ ಬೇಲಿ ಕೀಳುತ್ತಿದ್ದ. ಕಾಕಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

“ಅಣ್ಣಾ, ಮುತ್ಯಾ ಇಟ್ಟ ಬಾಯಿ ಅದು.”

“ಮುತ್ಯಾನ ಮೊಮ್ಮಗಂಗ ಬಿಸಿಲು ಬಡೀತದ. ಮುಳ್ಳು ಹಿಡಿ ಬಾ.”

ಪಡುವಣದ ಬಾಯಿ ಮುಚ್ಚಿ ಬಡಗಣಕ್ಕೆ ಹೊಸ ಬಾಯಿ ಬಂತು. ಅಪ್ಪನಿಗೆ ಒಪ್ಪಿಗೆಯಾಯಿತು, ಕುರಿಗಳಿಗೆ ಆಗಲಿಲ್ಲ. ಮೂರು ದಿನ ಅವು ಹಳೆಯ ಜಾಗಕ್ಕೇ ಹೋಗಿ ನಿಂತವು. ದೊಡ್ಡ ಟಗರು ಮುಳ್ಳಿಗೆ ಡಿಕ್ಕಿ ಹೊಡೆದು ನಮ್ಮನ್ನು ನೋಡಿ ಸೀನಿತು. ನಾಲ್ಕನೆಯ ಸಂಜೆ ಅಪ್ಪ ನನ್ನನ್ನು ಕರೆದು ಹೊಸ ಬಾಯಿಯ ಮುಂದೆ ಕೂರಿಸಿದ. ಸೂರ್ಯ ಎಡಗಡೆ, ಬೇಲಿಯಾಚೆ. ಸಾಲದ್ದಕ್ಕೆ, “ಒಂದು ಕಣ್ಣು ಅಂಗೈಲೆ ಮುಚ್ಚಿಕೋ,” ಅಂದ. ಮುಚ್ಚಿಕೊಂಡೆ. ಪಕ್ಕದಲ್ಲಿ ಹರಳು ಹಿಡಿದು ಕೂತವನು ತಾನೂ ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡ, ಏನು ಕಾಣುತ್ತದೆ ನೋಡೋಣ ಎಂದು. ಬದುಕಿನಲ್ಲಿ ಮೊದಲ ಸಲ ಯಾರೋ ನನ್ನ ಸೋಂಗು ಮಾಡಿದ್ದು.

“ಅಪ್ಪ ಮಗ ಇಬ್ಬರ ಕಣ್ಣಾಗೂ ಕಸ ಬಿತ್ತೇನು?” ಅಂದ ಕಾಕಾ ಹೊರಗಿನಿಂದ, ಹೈದರಾಬಾದಿಗೂ ಕೇಳಿಸುವ ಹಾಗೆ.

ಎಣಿಸಿದೆ, ನನ್ನದೇ ದನಿಯಲ್ಲಿ. ಇಪ್ಪತ್ತು, ಹರಳು. ನಲವತ್ತು, ಹರಳು. ಅರವತ್ತಮೂರಕ್ಕೆ ಬಂದಾಗ ನನ್ನೊಳಗಿನ ಕಿಡಿಗೇಡಿ ಎದ್ದ. ಬಾಯಿ ಮುಚ್ಚಿದೆ. ತೆರೆದಿದ್ದ ಕಣ್ಣಿನ ರೆಪ್ಪೆಯನ್ನು ಪಟಪಟ ಬಡಿದೆ.

ಹರಳು ಉದುರಿದ ಸದ್ದಾಯಿತು. ಅಪ್ಪನ ಎರಡೂ ಕೈ ನನ್ನ ಭುಜದ ಮೇಲಿದ್ದವು. ಆತನ ಮುಖ ಹತ್ತಿರಕ್ಕೆ ಬಂದಿತ್ತು. ಆ ಮುಖವನ್ನು ನಾನು ಒಮ್ಮೆ ನೋಡಿದ್ದೆ, ಹತ್ತನೇ ಕ್ಲಾಸಿನಲ್ಲಿ, ಗುಳ್ಳೆ ಒಡೆಯುವುದಕ್ಕೆ ಮುಂಚೆ.

“ಸುಳ್ಳಪ್ಪಾ,” ಅಂದೆ ಗಡಬಡಿಸಿ. “ಚಾಷ್ಟಿ ಮಾಡಿದೆ. ಇನ್ನ ಮಾಡಂಗಿಲ್ಲ.”

ಅಪ್ಪ ಉಸಿರು ಬಿಟ್ಟ. ಟವೆಲಿನಿಂದ ನನ್ನ ಬೆನ್ನಿಗೊಂದು ಬಿಗಿದ. ಆಮೇಲೆ ಕೆಳಗೆ ಬಿದ್ದ ಹರಳುಗಳನ್ನು ಒಂದೊಂದಾಗಿ ಆರಿಸಿಕೊಂಡ. “ನೀ ಸುಳ್ಳ ಮಾಡಿದ್ರೂ ನಾ ಎದ್ದು ಬರಾಂವನೇ. ತಿಳೀತಾ? ಈಗ ಹೇಳು, ನೀ ಸುಮ್ಮ ಕುಂತಾಗ ಎಷ್ಟು ಹೋದ್ವು?”

ನಾನು ಬಾಯಿ ಮುಚ್ಚಿದ್ದೆ, ಎಣಿಸುವುದನ್ನು ಬಿಟ್ಟಿರಲಿಲ್ಲ. “ಐದು.”

“ಐದು,” ಅಂದ ಅಪ್ಪ. ಆತನೂ ಬಿಟ್ಟಿರಲಿಲ್ಲ. “ನಡಿ, ಅರವತ್ತೊಂಬತ್ತು.”